ಕುಂಡದ ಮಣ್ಣು

ಕಿಟಕಿಯ ಕಟ್ಟೆಯ ಮೇಲೊಂದು ಹೂಕುಂಡ. ಅಂಚು ಒಡೆದಿದೆ; ಒಡಕಿಗೆ ಯಾರೋ ಹೊಲಿಗೆಯ ದಾರ ಸುತ್ತಿದ್ದಾರೆ. ಒಳಗೆ ಕಪ್ಪಗೆ, ಮೆತ್ತಗೆ, ಜರಡಿ ಹಿಡಿದಂಥ ಮಣ್ಣು. ನಡುವೆ ಒಂದೇ ಒಂದು ಕೆಂಪು ಗುಲಾಬಿ, ತನ್ನ ಭಾರಕ್ಕೆ ತಾನೇ ತುಸು ಬಾಗಿದೆ. ಕುಂಡದಾಚೆ ಹಿತ್ತಲು: ಬೂದಿ ಬಣ್ಣದ ನೆಲ, ಹುಲ್ಲಿನ ಎಸಳೂ ಇಲ್ಲ. ಅದರಾಚೆ ಮುಚ್ಚಿಹೋದ ಬ್ಯಾಟರಿ ಕಾರ್ಖಾನೆಯ ಚಿಮಣಿ, ಅರ್ಧಕ್ಕೆ ನಿಂತ ಮಾತಿನಂತೆ.

ಬಾಗಿಲು ತಟ್ಟಿದ ಸದ್ದಾಯಿತು.

ಹೊಲಿಗೆ ಯಂತ್ರ ಬಿಟ್ಟೆದ್ದು ಅವಳು ಬಾಗಿಲು ತೆರೆದಳು. ಚಿಲಕದ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಎದುರಿಗೆ ಅವನು! ಮಣ್ಣು ಪರೀಕ್ಷಿಸುವ ಎಂಜಿನಿಯರ್. ಬಡಾವಣೆಯ ಮಕ್ಕಳ ಬಾಯಲ್ಲಿ 'ಮಣ್ಣಪ್ಪ'. ಕೈಯಲ್ಲೊಂದು ಗುದ್ದಲಿ.

"ಓಹೋ... ಗೋರಿ ತೋಡೋಕೆ ಬಂದ್ರಾ?"

"ನಿಮ್ಮ ಹಿತ್ತಲು ಒಂದ್ಸಲ ಅಗೆದು ನೋಡಬೇಕಿತ್ತು."

"ಶುದ್ಧವಾದ ಹಿತ್ತಲು ಯಾಕ್ರೀ ಅಗೀತೀರಿ?"

ಕಾರ್ಖಾನೆ ಬಿಟ್ಟುಹೋದ ಸೀಸದ ವಿಷವನ್ನು ಬಡಾವಣೆಯಿಂದ ಅಗೆದು ತೆಗೆದು, ಕಾರ್ಖಾನೆಯ ಜಾಗದಲ್ಲಿ ಮಕ್ಕಳಿಗೊಂದು ತೋಟ ಮಾಡುವ ಕೆಲಸ ಶುರುವಾಗುವುದರಲ್ಲಿತ್ತು. ಸಾಲಿಗೊಂದು ಮನೆಯ ಮಣ್ಣು ಪರೀಕ್ಷೆಗೆ ಹೋಗಿತ್ತು; ಈ ಸಾಲಿನಿಂದ ಹೋದದ್ದು ಅವಳ ಮನೆಯದೇ. ನಿನ್ನೆಯ ಸಭೆಯಲ್ಲಿ ಅವನು ಎದ್ದು ನಿಂತು ಹೇಳಿದ್ದ: ಈ ಸಾಲು ಶುದ್ಧ, ಇಲ್ಲಿ ಕೆಲಸದ ಅಗತ್ಯವಿಲ್ಲ!

ಆ ಹಿತ್ತಲಲ್ಲೇ ಆಡಿ ಬೆಳೆದ ಅವಳ ಅಕ್ಕನ ಮಗಳ ರಕ್ತದಲ್ಲಿ ಸೀಸವಿದೆಯೆಂದು ವೈದ್ಯರು ಹೇಳಿದ್ದರು.

ಅವನ ಮಾತಿಗಾಗಿಯೇ ಅವಳು ಸಭೆಗಳಿಗೆ ಕಾದ ದಿನಗಳಿದ್ದವು. ಸಿಟ್ಟು ಇಷ್ಟು ಆಳಕ್ಕೆ ಇಳಿದದ್ದೂ ಅದಕ್ಕೇ. 'ಇವನೂ ಕಾರ್ಖಾನೆಯವರ ಕಡೆಯವನೇ... ನಾನೇ ಮಂಕು!'

"ಯಾರು ನಿಮ್ಮ ಬಾಯಿ ಮುಚ್ಚಿಸಿದ್ರು?" ದನಿ ಚೂಪಾಯಿತು.

"ಯಾರೂ ಇಲ್ಲ. ಎದುರು ಸಾಲಿನಲ್ಲಿ ವಿಷ, ಇಲ್ಲಿ ಏನೂ ಇಲ್ಲ... ಗಾಳಿ ಬೀದಿ ನೋಡ್ಕೊಂಡು ಬೀಸುತ್ತಾ? ರಾತ್ರಿಯೆಲ್ಲ ಅದೇ ತಲೇಲಿ ಕೊರೀತಿತ್ತು."

"ಈಗ ಕೊರೀತಾ? ಮಗು ಹಾಸಿಗೆ ಹಿಡಿದ ಮೇಲೆ?"

ಒಳಗಿಂದ ಅಜ್ಜಿಯ ಕೂಗು ಬಂತು. "ಯಾರೇ ಅದು? ನಮ್ಮ ಮಣ್ಣಪ್ಪನಾ? ಬಾಪ್ಪಾ! ಇವಳ ಮಾತಿಗೆ ತಲೆ ಕೆಡಿಸ್ಕೋಬೇಡ, ಹುಟ್ಟಿದಾಗಲೇ ಮೆಣಸಿನಕಾಯಿ. ಮಣ್ಣು ಬೇಕಾ ಮತ್ತೆ? ಕುಂಡದಲ್ಲಿ ಇನ್ನೂ ಸ್ವಲ್ಪ ಇದೆ ನೋಡು."

ಇಬ್ಬರೂ ತಿರುಗಿದರು.

"ಕುಂಡದಲ್ಲಾ, ಅಜ್ಜಿ?" ಅವನು ಕೇಳಿದ.

"ಮತ್ತೆ? ಅವತ್ತು ಡಬ್ಬಿ ತುಂಬಿಸಿ ಕೊಟ್ಟಿದ್ದು ಅದೇ ಅಲ್ವಾ? ಜರಡಿ ಹಿಡಿದು ಕೊಟ್ಟೆ. ಮನೆಗೆ ಬಂದವರ ಕೈಗೆ ಯಾರಾದ್ರೂ ಹಿತ್ತಲ ಹೊಲಸು ಕೊಡ್ತಾರೇನಪ್ಪಾ? ನಮಗೂ ಒಂದು ಮರ್ಯಾದೆ ಇಲ್ವಾ?"

ಅವಳಿಗೆ ಕಾಲ ಕೆಳಗಿನ ನೆಲವೇ ಜಾರಿದಂತಾಯಿತು. ಗುಲಾಬಿಗೆಂದು ಊರಾಚೆಯಿಂದ ಅವಳೇ ಹೊತ್ತು ತಂದ ಮಣ್ಣು! ಅಜ್ಜಿಯನ್ನು ಬೈಯಲು ಬಾಯಿ ಬರಲಿಲ್ಲ. ಸಿಟ್ಟೆಲ್ಲ ಮತ್ತೆ ಅವನ ಮೇಲೇ ತಿರುಗಿತು.

"ನೀವು ಅಗೀಲೇ ಇಲ್ವಾ? ಅದು ನಿಮ್ಮ ಕೆಲಸ ಅಲ್ವಾ?"

"ಹೌದು, ನನ್ನದೇ ಕೆಲಸ. ಅಜ್ಜಿ ಕೊಟ್ಟಿದ್ದು ಹಿತ್ತಲದ್ದೇ ಅಂದ್ಕೊಂಡು ತಗೊಂಡು ಹೋದೆ."

"ಯಾಕೆ?"

ಅವನು ತಲೆ ತಗ್ಗಿಸಿದ. "ನೀವು ಬಾಗಿಲಲ್ಲಿ ನಿಂತು, ಹಲ್ಲಲ್ಲಿ ದಾರ ಕಡೀತಿದ್ರಿ... ಅವತ್ತು ನಾನು ಮಣ್ಣು ನೋಡ್ತಿರಲಿಲ್ಲ."

ಕೆಂಡ ತುಳಿದಂತೆ ಅವಳು ಹಿಂದೆ ಸರಿದಳು.

"ನಾಚಿಕೆ ಆಗಲ್ವಾ? ನೀವು ನನ್ನ ನೋಡಿದ್ದಕ್ಕೆ ಇಡೀ ಸಾಲು ವಿಷ ತಿನ್ಬೇಕಾ?"

"ಆಗುತ್ತೆ. ಅದಕ್ಕೇ ಬಂದೆ."

ಅವಳು ದಾರಿ ಬಿಟ್ಟಳು. ಅವನು ಹಿತ್ತಲಿಗಿಳಿದು ಗುದ್ದಲಿ ಎತ್ತಿದ. ಬೂದು ನೆಲ ಸೀಳಿತು. ಒಳಗಿಂದ ಹಳೆಯ ಬ್ಯಾಟರಿಗಳ ಕರಿ ಚೂರುಗಳು, ಹಲ್ಲು ಕಿರಿದಂತೆ, ಮೇಲೆದ್ದವು. ಈ ಸಲ ಡಬ್ಬಿಯನ್ನು ತಾನೇ ತುಂಬಿದ. ಅವಳು ಕಣ್ಣು ತೆಗೆಯದೆ ನೋಡಿದಳು.

"ಈಗ?"

"ಇದನ್ನ ಪರೀಕ್ಷೆಗೆ ಕೊಟ್ಟು ನೇರ ಆಫೀಸಿಗೆ. ನಿನ್ನೆ ಹೇಳಿದ್ದು ಸುಳ್ಳು, ತಪ್ಪು ನನ್ನದು ಅಂತ ಹೇಳ್ತೀನಿ. ಈ ಸಾಲನ್ನ ಅವರು ಸೇರಿಸಲೇಬೇಕು."

"ಕೆಲಸ ಹೋಗುತ್ತೆ."

"ಹೋಗಬಹುದು. ತೋಟಕ್ಕೆ ಅಗೆಯೋರು ಬೇಕಾಗ್ತಾರಲ್ಲ, ಕೂಲಿಗೆ ಬರ್ತೀನಿ."

ನಗಬಾರದೆಂದು ಅವಳು ತುಟಿ ಕಚ್ಚಿದಳು. 'ತಪ್ಪೆಲ್ಲ ಅಜ್ಜಿಯದು ಅಂತ ಹೇಳಿ ಪಾರಾಗಬಹುದಿತ್ತು... ಹೇಳಲಿಲ್ಲ.'

"ಅಜ್ಜಿ ಹೆಸರು ಎತ್ತಬೇಡಿ."

"ಎತ್ತಲ್ಲ."

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

ಅವನು ಹೊಸ್ತಿಲು ದಾಟುವಾಗ ಅವಳ ದನಿ ಹಿಂದಿನಿಂದ ಬಂತು. ಗಡಸಾಗಿಯೇ, ಆದರೆ ತುದಿಯಲ್ಲಿ ನಡುಗುತ್ತ.

"ಬಾಗಿಲು ಎಳ್ಕೊಂಡು ಹೋಗಿ. ಧೂಳು ಬರುತ್ತೆ."

"ಸರಿ."

"ಮತ್ತೆ... ಬಂದಾಗ ಜೋರಾಗಿ ತಟ್ಟಿ. ಯಂತ್ರದ ಸದ್ದಲ್ಲಿ ಕೇಳಿಸಲ್ಲ."

ಅವನು ಡಬ್ಬಿಯನ್ನು ಎದೆಗವಚಿಕೊಂಡು ಹೊರಗಡಿಯಿಟ್ಟ. ಅವನ ಹಿಂದೆ ಬಾಗಿಲು, ಧೂಳಿನ ಒಂದು ಕಣವೂ ಒಳಬಾರದಷ್ಟು ಮೆಲ್ಲಗೆ, ಮುಚ್ಚಿಕೊಂಡಿತು.