ಕೊಕ್ಕೆಯಿಂದ ಮಾಯವಾದ ಉಸಿರುಚೀಲ

ಕೊಕ್ಕೆ ಖಾಲಿ!

ಹುಟ್ಟಿದ ಮಗು ಅಳುತ್ತಿಲ್ಲ. ಮೂಗು-ಬಾಯಿಗೆ ಒತ್ತಿ ಗಾಳಿ ತುಂಬುವ ಉಸಿರುಚೀಲ, ಇಡೀ ಆಸ್ಪತ್ರೆಗೆ ಇದ್ದದ್ದೇ ಒಂದು—ಗೋಡೆಯ ಮೇಲಿಲ್ಲ! ನರ್ಸಮ್ಮ ತನ್ನ ಬಾಯಿಂದಲೇ ಊದಿ ಮಗುವನ್ನು ಉಳಿಸಿಕೊಂಡಳು. ಅದಕ್ಕೆ ಸಿಕ್ಕ ಬಹುಮಾನ ಕಳ್ಳಿಯ ಪಟ್ಟ. ಸಂಜೆಯೊಳಗೆ ಚೀಲ ಸಿಗದಿದ್ದರೆ ಕೆಲಸವೂ ಇಲ್ಲ ಎಂದು ಮೇಲಧಿಕಾರಿಯ ಫೋನು.

ನಾನಾಗ ಕಾಲೇಜು ಮುಗಿಸಿ, ಕಂಡವರನ್ನೆಲ್ಲ ಅಣಕಿಸಿಕೊಂಡು ತಿರುಗುತ್ತಿದ್ದ ಕಾಲ. ಆ ಆಸ್ಪತ್ರೆಯಲ್ಲೇ ನರ್ಸಾಗಿ ದುಡಿದು ನಿವೃತ್ತಳಾಗಿದ್ದ ನನ್ನ ಸೋದರತ್ತೆಗೆ ಕರೆ ಬಂತು; ಬಾಲದಂತೆ ನಾನೂ ಹೋದೆ. ಆ ಬಣ್ಣ ಕಿತ್ತ ಬೆಂಚು, ಫಿನಾಯಿಲ್ ವಾಸನೆ—ಈಗಲೂ ನೆನೆದರೆ ಮೂಗು ಅರಳುತ್ತದೆ.

"ಕೊನೇಲಿ ನೋಡಿದ್ದು ಯಾರು?" ಅತ್ತೆ ಕೇಳಿದಳು.

"ನಾನೇ ಅಕ್ಕಾ," ನರ್ಸಮ್ಮ ಬಿಕ್ಕಿದಳು. "ನಿನ್ನೆ ತೊಳೆದು ತೂಗುಹಾಕಿದ್ದೆ."

"ಮಾರ್ಕೊಂಡಿರ್ತಾರೆ ಬಿಡಿ," ಎಂದ ಕಾಂಪೌಂಡರ್.

"ನಿನ್ನ ಕೇಳಿದ್ನೇನೋ? ಡಾಕ್ಟ್ರೇ, ನೀವು ನೋಡಿದ್ರಾ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಹ್ಞಾಂ... ನೆನಪಿಲ್ಲ."

ಆ 'ಹ್ಞಾಂ' ನನ್ನ ಬಾಯಲ್ಲೂ ಹಾಗೇ ಹೊರಟಿತು. ಅತ್ತೆ ಕಾಲು ತುಳಿದಳು.

ಹುಡುಕುತ್ತ ಎಲ್ಲರೂ ತರಬೇತಿ ಕೋಣೆಗೆ ಬಂದೆವು. ಅಲ್ಲಿ ಮೇಜಿನ ಮೇಲೆ ಅಭ್ಯಾಸದ ಮಗು-ಗೊಂಬೆ, ಅಡಿಯಿಂದ ಮುಡಿವರೆಗೆ ಹೊದ್ದು ಮಲಗಿತ್ತು. ಅತ್ತೆ ನಿಂತಳು.

"ಹೀಗೆ ಹೊದಿಸಿದ್ದು ನೀನಾ?"

"ಅಯ್ಯೋ! ಗೊಂಬೆಯಾದ್ರೂ ಮುಖ ಮುಚ್ಚೋಕೆ ಕೈ ಬರುತ್ತಾ ಅಕ್ಕಾ?"

ಅತ್ತೆ ಬಟ್ಟೆ ಸರಿಸಿದಳು. ಗೊಂಬೆಯ ಮುಖದ ಮೇಲೇ ಉಸಿರುಚೀಲ!

"ಕೋಣೆಯೆಲ್ಲ ಜಾಲಾಡಿದ್ರಿ, ಗೊಂಬೆ ಹೊದಿಕೆ ನೋಡ್ಲಿಲ್ಲ. ಉಸಿರಾಡ್ತಿದೆಯಾ ಅಂತ ಮುಖ ನೋಡ್ತಾನೇ ಇರೋದು ನರ್ಸ್ ಕೆಲಸ. ಅವಳು ಮುಖ ಮುಚ್ಚಲ್ಲ. ಮಾರೋ ಕಳ್ಳ ಗೊಂಬೆಗೆ ತೊಡಿಸಿ ಹೋಗ್ತಾನಾ? ಯಾರೋ ಗುಟ್ಟಾಗಿ ಅಭ್ಯಾಸ ಮಾಡಿದ್ದಾರೆ. ಹೆಜ್ಜೆ ಸದ್ದು ಕೇಳಿ, ಗಾಬರೀಲಿ ಮುಚ್ಚಿದ್ದಾರೆ. ನರ್ಸು, ಆಯಾ ಎಲ್ರ ಮುಂದೇನೇ ಕಲೀತಾರೆ. ಗುಟ್ಟಾಗಿ ಕಲಿಯೋ ಗತಿ ಯಾರಿಗೆ? ಎಲ್ಲಾ ಗೊತ್ತಿರ್ಬೇಕಾದೋರಿಗೆ. ಅಲ್ವಾ ಡಾಕ್ಟ್ರೇ?"

ಡಾಕ್ಟರು ಕನ್ನಡಕ ತೆಗೆದರು.

"ಹೊಸ ಸಾಮಾನು. ಬಳಸೋಕೆ ಬರಲ್ಲ ಅಂತ ಹೇಳೋಕೆ ನಾಚಿಕೆ. ಇವತ್ತು ವಾಪಸ್ ಇಡೋಣಾಂತ ಬರೋಷ್ಟರಲ್ಲಿ ಗಲಾಟೆ ಎದ್ದಿತ್ತು... ಬಾಯಿ ಬರ್ಲಿಲ್ಲ."

"ನಿಮಗೆ ಬಾಯಿ ಬರ್ಲಿಲ್ಲ, ಇವಳ ಅನ್ನಾನೇ ಹೋಗ್ತಿತ್ತು!"

ಡಾಕ್ಟರು ಅಲ್ಲೇ ಫೋನೆತ್ತಿ ಮೇಲಧಿಕಾರಿಗೆ ತಪ್ಪೊಪ್ಪಿಕೊಂಡರು. ಆಮೇಲೆ ಬಾಗಿಲು ಅಗಲವಾಗಿ ತೆರೆದು, ಕಾಂಪೌಂಡರನ್ನೂ ಒಳಕ್ಕೆ ಕರೆದು, ಅಂಗಿಯ ತೋಳು ಮಡಚಿದರು.

"ಸಿಸ್ಟರ್, ಹೇಗೆ ಹಿಡಿಯೋದು? ತೋರಿಸಮ್ಮ."

ನರ್ಸಮ್ಮ ಕಣ್ಣೊರೆಸಿಕೊಂಡಳು. "ಗದ್ದ ಸ್ವಲ್ಪ ಎತ್ತಿ ಸಾರ್. ಹಾಗಲ್ಲ... ಮೆತ್ತಗೆ ಒತ್ತಿ."

ಕಿಟಕಿಯ ಬಿಸಿಲಲ್ಲಿ ಗೊಂಬೆಯ ಎದೆ ನಿಧಾನವಾಗಿ ಏರಿತು.