ಏಳು ಗಂಟೆಯ ಮಗಳು

“ನನ್ನ ಮಗಳ ಬಾಯಿ ಯಾಕ ಮುಚ್ಚಿಸಿದ್ರಿ? ಯಾಕ ಮುಚ್ಚಿಸಿದ್ರೀ…?”

ಎಂಬತ್ತರ ಅಂಚಿನಲ್ಲಿದ್ದ ಮಾಣಿಕರಾವ ತಟ್ಟೆಯನ್ನು ಎತ್ತಿ ಎಸೆದೇಬಿಟ್ಟರು! ರೊಟ್ಟಿ ಒಂದು ಕಡೆ, ಬೇಳೆ ಗೋಡೆಯ ಮೇಲೆ. ತಟ್ಟೆಯ ಅಂಚು ಬೀಗಿತ್ತಿ ಜಿಜಾಬಾಯಿಯ ಹಣೆಗೆ ತಾಗಿ ಸಣ್ಣಗೆ ರಕ್ತ ಒಸರಿತು. ಟಿವಿ ಆರಿಸಿದ ರಿಮೋಟು ಇನ್ನೂ ಆಕೆಯ ಕೈಯಲ್ಲೇ ಇತ್ತು.

“ನಿಮ್ಮ ಮಗಳು ಟಿವ್ಯಾಗ ಇಲ್ರಿ, ಬೀಗರೇ! ನಿಮ್ಮ ಮಗ್ಗಲದಾಗೇ ನಿಂತಾಳ. ಕಣ್ಣು ತೆರೆದು ನೋಡ್ರಿ!”

ಮುದುಕರು ತಿರುಗಿ ನೋಡಿದರು. ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಮಹಾಮಾಯಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಕೆ ಒಂದು ಹೆಜ್ಜೆ ದೀಪದ ಬೆಳಕಿಗೆ ಬಂದು ನಿಂತಳು. ಇವತ್ತಾದರೂ… ಇವತ್ತೊಂದು ದಿನವಾದರೂ!

“ಈಕಿ ಅಡಗಿ ಮಾಡೋ ಬಾಯಿ. ಒಳ್ಳೆಯಾಕಿ ಇದ್ದಾಳ, ಪಾಪ. ಆದ್ರ ನನ್ನ ಮಾಯಾ ಅಲ್ಲ.”

ಬೀದರಿನ ಕೇಬಲ್ ವಾಹಿನಿಯಲ್ಲಿ ಸುದ್ದಿ ಓದಿದ ಮೊದಲ ಹೆಣ್ಣುಮಗಳು ಈ ಮಹಾಮಾಯಾ. ಇಪ್ಪತ್ತಮೂರು ವರ್ಷದ ಹಿಂದೆ ಆಕೆ ಮೈಕು ಹಿಡಿದು ಬೀದಿಗಿಳಿದಾಗ ಜನ ಸುದ್ದಿ ಬಿಟ್ಟು ಆಕೆಯನ್ನೇ ನೋಡಲು ನಿಲ್ಲುತ್ತಿದ್ದರು. ಈಗ ವಾರ್ತೆಯ ರೆಕಾರ್ಡಿಂಗು ಸಂಜೆ ಐದಕ್ಕೆ ಮುಗಿಯುತ್ತದೆ, ಪ್ರಸಾರ ಏಳಕ್ಕೆ. ಹಾಗಾಗಿ ಏಳು ಗಂಟೆಗೆ ಒಬ್ಬ ಮಹಾಮಾಯಾ ನೀಲಿ ಕೋಟು ತೊಟ್ಟು ಪರದೆಯ ಮೇಲೆ ಕೂತಿರುತ್ತಾಳೆ, ಇನ್ನೊಬ್ಬಳು ಹಿಟ್ಟು ಮೆತ್ತಿದ ಕೈಯಲ್ಲಿ ಅಡುಗೆಮನೆಯಲ್ಲಿರುತ್ತಾಳೆ. ಅಪ್ಪನಿಗೆ ಮೊದಲನೆಯವಳು ಮಾತ್ರ ಮಗಳು. ಅವಳು ಓದುವ ಅರ್ಧ ಗಂಟೆಯಲ್ಲಿ ಬಿಟ್ಟರೆ ಉಳಿದ ಹೊತ್ತಿನಲ್ಲಿ ಅವರ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ಅದೇ ಅಪ್ಪ ಇಪ್ಪತ್ತೊಂದು ವರ್ಷ ಆಕೆಯ ಜೊತೆ ಮಾತು ಬಿಟ್ಟಿದ್ದರು ಎಂದರೆ ನಂಬುತ್ತೀರಾ?

ಮಾಣಿಕರಾವ ಬೀದರ–ಔರಾದ ಬಸ್ಸಿನ ಕಂಡಕ್ಟರ್ ಆಗಿದ್ದವರು. ಔರಾದಿಗೆ ರೈಲಿಲ್ಲ, ಬಸ್ಸೇ ಅಂಚೆ, ಬಸ್ಸೇ ತಂತಿ. ಸಂತಪೂರದ ಮಾಸ್ತರರ ಊಟದ ಡಬ್ಬಿ, ಯಾರದೋ ಔಷಧದ ಚೀಟಿ, ಹೆರಿಗೆಯಾಯಿತೆಂಬ ಸಂತೋಷ, ಹೋಗಿಬಿಟ್ಟರೆಂಬ ದುಃಖ, ಎಲ್ಲವನ್ನೂ ಜನ ಕಿಟಕಿಯಿಂದಲೇ ಅವರಿಗೊಪ್ಪಿಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಒಂದನ್ನೂ ಅವರು ಮರೆತವರಲ್ಲ. ಮಗಳು ಔರಾದಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾದ ದಿನ ಇಡೀ ಬಸ್ಸಿಗೆ ಪೇಢೆ ಹಂಚಿದ್ದರು. ನಾಲ್ಕೇ ವರ್ಷಕ್ಕೆ ಅವಳು ರಾಜೀನಾಮೆ ಕೊಟ್ಟು ಕೇಬಲ್ ವಾಹಿನಿ ಸೇರಿದಾಗ ಅವರ ಆಕಾಶವೇ ಕಳಚಿಬಿತ್ತು.

“ನಮ್ಮ ಮನಿತನದ ಹೆಣ್ಮಕ್ಕಳಾಗ ಮೊದಲನೇ ನೌಕರಿ ಅದು! ನನ್ನವ್ವ ಮಂದಿ ಹೊಲದಾಗ ಕಳೆ ತೆಗೆದು ತೆಗೆದು ಸತ್ತಳು. ನೀ ಅದನ್ನ ಒದ್ದು ಟಿವ್ಯಾಗ ಮಾರಿ ತೋರಿಸಲಿಕ್ಕೆ ಹೊಂಟಿ? ಇವತ್ತಿಗಿ ಮುಗೀತು. ನೀ ಯಾರೋ, ನಾ ಯಾರೋ!”

ಆಮೇಲೆ ವರದಿಗೆಂದು ಔರಾದ ಕಡೆ ಹೋಗುವಾಗ ಮಹಾಮಾಯಾ ಬೇಕೆಂದೇ ಅವರ ಬಸ್ಸು ಹತ್ತುತ್ತಿದ್ದಳು. ಅವರು ಟಿಕೆಟು ಹರಿದು ಕೊಡುತ್ತಿದ್ದರು, ಚಿಲ್ಲರೆ ಎಣಿಸಿ ಕೊಡುತ್ತಿದ್ದರು, ಮುಂದಿನ ಸೀಟಿಗೆ ಹೋಗುತ್ತಿದ್ದರು. ಅಷ್ಟೇ!

ಹೆಂಡತಿ ತೀರಿಕೊಂಡ ಮೇಲೆ ಮುದುಕರ ನೆನಪು ಒಂದೊಂದಾಗಿ ಕಳಚತೊಡಗಿತು. ಎರಡು ವರ್ಷದ ಹಿಂದೆ, ಔರಾದಿನಲ್ಲಿರುವ ಮಗ ಸುಶೀಲಕುಮಾರ ಔಷಧೋಪಚಾರಕ್ಕೆಂದು ಅವರನ್ನು ಅಕ್ಕನ ಮನೆಗೆ ತಂದು ಬಿಟ್ಟ. ಅಂದು ಸಂಜೆ ಟಿವಿ ನೋಡಿ ಅವರು ಕೂಗಿದರು: “ಏ, ನಮ್ಮ ಮಾಯಾ!” ಅಡುಗೆಮನೆಯಿಂದ ಓಡಿಬಂದ ಮಗಳು “ಬಾಬಾ…” ಎಂದು ಕಾಲ ಬಳಿ ಕುಸಿದಳು. ಅವರು ಕೈ ಎತ್ತಿ ತಡೆದರು: “ಸುಮ್ಮನಿರ್ರಿ ಬಾಯಿ. ನನ್ನ ಮಗಳು ಮಾತಾಡ್ಲಿಕತ್ತಾಳ.”

ಎರಡು ವರ್ಷದಿಂದ ಅದೇ ಪಾಡು, ಪರ ಹೆಂಗಸನ್ನು ಕರೆಯುವ ಅದೇ ‘ಬಾಯಿ’. ತಪ್ಪಿಯಾದರೂ ಅಪ್ಪ ತನ್ನನ್ನು ಮಗಳೇ ಎಂದು ಕರೆದಾರು ಎಂದು ಆಕೆ ಕಾದೇ ಕಾದಳು.

ತಟ್ಟೆ ಹಾರಿದ ರಾತ್ರಿಯೇ ಜಿಜಾಬಾಯಿ ಸುಶೀಲಕುಮಾರನಿಗೆ ಫೋನು ಮಾಡಿಸಿದಳು. “ಹೊಟ್ಟಿಲೆ ಹುಟ್ಟಿದ ಮಗ ಇದ್ದಾನ. ಬೀಗರ ಮನ್ಯಾಗ ಎಷ್ಟು ದಿನ ಅಂತ ಕುಂದರ್ತಾರ? ಎರಡು ಸಲ ಬಸ್‌ಸ್ಟ್ಯಾಂಡಿಗಿ ಓಡಿಹೋದ್ರು. ಇವತ್ತು ನನ್ನ ತಲಿ ಒಡೆದ್ರು. ನಾಳಿಗಿ?”

ಮಹಾಮಾಯಾ ಗಂಡ ಏಕನಾಥನ ಮುಖ ನೋಡಿದಳು.

“ಅವ್ವ ಹೇಳಿದ ಮ್ಯಾಲ ನಾ ಏನ್ ಮಾಡ್ಲಿ?” ಎಂದ ಅವನು, ಪೇಪರಿನಿಂದ ಕಣ್ಣೆತ್ತದೆ.

ಮಂತ್ರಿಗಳ ಕಾರು ಅಡ್ಡಗಟ್ಟಿ ಪ್ರಶ್ನೆ ಕೇಳಿದ ಹೆಣ್ಣು! ತನ್ನ ಮನೆಯ ಪಡಸಾಲೆಯಲ್ಲಿ ಬಗ್ಗಿ ಗೋಡೆಗೆ ಹತ್ತಿದ ಬೇಳೆ ಒರೆಸತೊಡಗಿದಳು.

“ಸುಶೀಲಾ, ಅಲ್ಲಿ ನಮ್ಮ ಕೇಬಲ್ ಬರಂಗಿಲ್ಲ. ಬಾಬಾ ಉಣ್ಣೋದು ಹ್ಯಾಂಗ?” ಎಂದಷ್ಟೇ ಕೇಳಿದಳು, ತಮ್ಮ ಬಂದಾಗ.

“ಮೊಬೈಲ್‌ನಾಗ ತೋರಿಸ್ತೇನಿ, ಅಕ್ಕಾ.”

ತೋರಿಸಿಯೂ ನೋಡಿದರು. ಮುದುಕರು ಮೊಬೈಲನ್ನು ತಿರುವಿ ಹಿಂಬದಿ ನೋಡಿ ನಕ್ಕುಬಿಟ್ಟರು: “ಇಷ್ಟು ಸಣ್ಣದರಾಗ ನನ್ನ ಮಗಳು ಹ್ಯಾಂಗ ಕುಂದರ್ತಾಳ?” ಪೆನ್‌ಡ್ರೈವ್ ಹಾಕೋಣವೆಂದರೆ ತಮ್ಮನ ಮನೆಯದು ಹಳೇ ಟಿವಿ.

ಮರುದಿನ ಮುಂಜಾನೆ ಅವರು ಕಾರು ಹತ್ತಲು ಒಪ್ಪಲೇ ಇಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಬಸ್‌ಸ್ಟ್ಯಾಂಡಿಗೆ ನಡೆದು, ಔರಾದ ಬಸ್ಸಿನ ಬಾಗಿಲ ಬಳಿಯ ಸೀಟಿನಲ್ಲಿ ಕೂತುಬಿಟ್ಟರು. ಸುಶೀಲಕುಮಾರ ನೀರಿನ ಬಾಟಲಿ ತರಲು ಇಳಿದ. ಮಹಾಮಾಯಾ ಅಪ್ಪನ ಪಕ್ಕ ಕೂತಳು. ಅವರು ಜೇಬು ತಡಕುತ್ತ ಕೇಳಿದರು:

“ಎಲ್ಲಿಗಿ ಹೋಗ್ಬೇಕು, ಬಾಯಿ?”

“ಎಲ್ಲಿಗೂ ಇಲ್ರಿ… ಬೀದರದಾಗೇ ಇರ್ತೇನಿ.”

“ಬೀದರದವರೇನು?” ಮುದುಕರ ಮುಖ ಅರಳಿತು. ಆಚೀಚೆ ನೋಡಿ ದನಿ ತಗ್ಗಿಸಿದರು. “ಹಂಗಾದ್ರ ನಂದೊಂದು ಸುದ್ದಿ ಮುಟ್ಟಿಸ್ತೀರೇನ್ರಿ? ಮಂದಿದೆಲ್ಲಾ ಮುಟ್ಟಿಸೇನಿ, ನಂದೊಂದೇ ಉಳದದ. ಟಿವ್ಯಾಗ ನನ್ನ ಮಗಳು ಬರ್ತಾಳ, ಮಹಾಮಾಯಾ ಅಂತ. ಆಕಿಗಿ ಹೇಳ್ರಿ… ನೌಕರಿ ಬಿಟ್ಟಿದ್ದು ಆಕಿ ತಪ್ಪಲ್ಲ. ತಪ್ಪು ನಂದು. ನನ್ನ ಬಸ್ಸಿನ್ಯಾಗೇ ಕುಂತಿದ್ಲು ಕೂಸು. ಚಿಲ್ಲರ ಕೊಟ್ಟೆ… ಮಾತಾಡಿಸ್ಲಿಲ್ಲ, ಬಾಯಿ. ಮಾತಾಡಿಸ್ಲಿಲ್ಲ…”

ಮಹಾಮಾಯಾ ಅವರ ಎರಡೂ ಕೈ ಹಿಡಿದುಕೊಂಡಳು. “ಬಾಬಾ! ನಾನೇ ಬಾಬಾ… ನಿಮ್ಮ ಮಾಯಾ!”

ಅವರು ಹೆದರಿ ಕೈ ಕಿತ್ತುಕೊಂಡು ಕಿಟಕಿಗೆ ಒತ್ತಿ ಕೂತರು. ಪರರ ಹೆಂಗಸು ಕೈ ಹಿಡಿದಳೆಂಬ ಗಾಬರಿ ಆ ಕಣ್ಣಿನಲ್ಲಿತ್ತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೇಳ್ತೇನ್ರಿ… ತಪ್ಪದೇ ಹೇಳ್ತೇನಿ.”

“ಮುಟ್ಟಿತು ಅಂತ ನನಗ ಹ್ಯಾಂಗ ಗೊತ್ತಾಗ್ಬೇಕು?”

ಅಷ್ಟರಲ್ಲಿ ಸುಶೀಲಕುಮಾರ ಬಾಟಲಿ ಹಿಡಿದು ಹತ್ತಿದ, ಕಂಡಕ್ಟರ್ ಸೀಟಿ ಊದಿದ. ಆಕೆ ಇಳಿಯಲೇಬೇಕಾಯಿತು.

ಅಂದು ಸಂಜೆ ಐದಕ್ಕೆ ವಾರ್ತೆಯೆಲ್ಲ ಓದಿದ ಮೇಲೆ ಮಹಾಮಾಯಾ ಹಾಳೆ ಕೆಳಗಿಟ್ಟು ಕ್ಯಾಮೆರಾ ನೋಡಿ ಒಂದು ಮಾತು ಸೇರಿಸಿದಳು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಆಕೆಯ ದನಿ ನಡುಗಿತ್ತು. ಸ್ಟುಡಿಯೋದಲ್ಲಿ ಯಾರೂ ಅದನ್ನು ಕತ್ತರಿಸಲಿಲ್ಲ.

ಏಳು ಗಂಟೆ. ಪಡಸಾಲೆಯ ಟಿವಿಯಲ್ಲಿ ವಾರ್ತೆ ಶುರುವಾಯಿತು. ಅದು ಮುಗಿಯುತ್ತ ಬಂದಾಗ ಫೋನು ಬಂತು. “ಅಕ್ಕಾ, ಬಾಬಾ ಒಂದು ತುತ್ತೂ ತಿನವಲ್ರು. ಮಗಳೆಲ್ಲಿ, ಮಗಳೆಲ್ಲಿ ಅಂತ ಅಳಕೋತ ಗೋಡಿಗಿ ಹಣಿ ಬಡಕೊಳ್ಳಲಿಕತ್ತಾರ…”

ಮಹಾಮಾಯಾ ಮರಗಟ್ಟಿ ನಿಂತಳು. ಮೂಲೆಯಲ್ಲಿ ಹಣೆಗೆ ಪಟ್ಟಿ ಹಚ್ಚಿಕೊಂಡು ಕೂತಿದ್ದ ಜಿಜಾಬಾಯಿ ಎದ್ದಳು. ರಿಮೋಟು ತೆಗೆದುಕೊಂಡು ದನಿ ಏರಿಸಿದಳು.

“ನಿಂತು ಏನ್ ನೋಡ್ತಿ? ಫೋನು ಟಿವಿ ಮುಂದ ಹಿಡಿ! ದನಿಯಾದ್ರೂ ಕೇಳ್ಲಿ.”

ಆಕೆ ಹಿಡಿದಳು. ಪರದೆಯ ಮೇಲಿನ ನೀಲಿ ಕೋಟಿನವಳು ಕೊನೆಯ ಮಾತು ಹೇಳುತ್ತಿದ್ದಳು: “ಔರಾದಿನ ಮಾಣಿಕರಾವ ಅವರಿಗೆ ಒಂದು ಮಾತು. ನೀವು ಕಳಿಸಿದ ಸುದ್ದಿ ನಿಮ್ಮ ಮಗಳಿಗೆ ಮುಟ್ಟಿದೆ… ಬಾಬಾ, ಊಟ ಮಾಡ್ರಿ.”

ಫೋನಿನ ಆ ಕಡೆ ಅಳು ನಿಂತಿತು. ಆಮೇಲೆ ಅಪ್ಪನ ದನಿ ಕೇಳಿತು, ಎಷ್ಟೋ ವರ್ಷದ ಮೇಲೆ ಅಷ್ಟು ಹಗುರವಾಗಿ:

“ಸುಶೀಲಾ, ಇದು ಬಸ್ಸಿನ್ಯಾಗ ಕುಂತಿದ್ದ ಬಾಯಿ ದನಿ! ನನ್ನ ಸುದ್ದಿ ಮುಟ್ಟಿಸ್ಯಾಳಂತ, ನೋಡು. ಯಾರ ಮಗಳೋ ಏನೋ, ಪುಣ್ಯವಂತಿ… ತಾ, ತಟ್ಟಿ ತಾ.”

ರೊಟ್ಟಿ ಮುರಿಯುವ ಸಪ್ಪಳ ಕೇಳಿತು. ವಾರ್ತೆ ಮುಗಿದು ಸೀರೆ ಅಂಗಡಿಯ ಜಾಹೀರಾತು ಶುರುವಾಯಿತು. ಮಹಾಮಾಯಾ ಫೋನನ್ನು ಕಿವಿಗೊತ್ತಿಕೊಂಡು ನೆಲದ ಮೇಲೆ ಕೂತಳು. ಅಪ್ಪ ಉಂಡು ಮುಗಿಸುವವರೆಗೂ ಹಾಗೆಯೇ ಕೂತಿದ್ದಳು.