ಗೇಟು, ಚಕ್ಕುಲಿ, ಟೊಪ್ಪಿಗಿ

“ಗೇಟು, ಚಕ್ಕುಲಿ, ಟೊಪ್ಪಿಗಿ. ಅಷ್ಟರಿ ಅಕ್ಕಾರ.”

ಆನ್‌ಲೈನ್ ಸೆಂಟರಿನ ನುಜಹತ ಅಕ್ಕ ಕೀಬೋರ್ಡಿನಿಂದ ಕೈ ತೆಗೆದಳು. “ಪಾಸ್‌ವರ್ಡ್ ಕೇಳಿದರ ಸಂತಿ ಚೀಟಿ ಹೇಳಾಕತ್ತಿಯಲ್ಲ!”

“ನಮ್ಮ ಕುಬೇರಪ್ಪ ಸರ್ ಹಂಗ ಹೇಳ್ಯಾರರಿ,” ಅಂದಳು ಮಧುಶ್ರೀ. “ಮೊದಲ ಇಂಗ್ಲಿಷಿನ್ಯಾಗ ಮಧು ಅಂತ ಐದು ಅಕ್ಷರ. ಆಮ್ಯಾಲ ಈ ಮೂರು ಚಿಹ್ನೆ. ಕಡೀಕ ನಾ ಹುಟ್ಟಿದ ಇಸವಿ.”

ನಾಳೆ ಹಾಸ್ಟೆಲ್ ಶಾಲೆಯ ಪ್ರವೇಶ ಪರೀಕ್ಷೆ. ಹಾಲ್ ಟಿಕೆಟ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಅದನ್ನು ತೆಗೆಯಲು ಇವತ್ತು ಸಂಜೆ ಐದೇ ಕಡೆ. ಅರ್ಜಿ ತುಂಬಿದ ಸರ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಆಡೂರಿನ ಮನೆಯಲ್ಲಿ, ಕ್ಯಾಲೆಂಡರಿನ ಹಿಂದೆ ಆರಾಮಾಗಿ ಕೂತಿದೆ. ಬಾಯಿಪಾಠ ಆಗಿದೆ, ಚೀಟಿ ಯಾಕೆ ಅಂತ ಈ ಹುಡುಗಿಯ ಧಿಮಾಕು. ಈಗ ನೋಡಿದರೆ ಸರ್ ಫೋನ್ ಸ್ವಿಚ್ ಆಫ್. ಅಪ್ಪ ಇವಳನ್ನು ಹಾನಗಲ್ಲಿನಲ್ಲಿ ಇಳಿಸಿ ಗೊಬ್ಬರದ ಅಂಗಡಿಗೆ ಹೋಗಿದ್ದ.

“ಮೂರು ಸಲ ತಪ್ಪಿದರ ನಾಳೆತನಕ ಲಾಕ್ ಆಗತೈತಿ, ನೋಡ ಮತ್ತ,” ಅಂದಳು ನುಜಹತ ಅಕ್ಕ.

ಅಷ್ಟು ಕೇಳಿದ್ದೇ ತಡ, ಮಧುವಿನ ಕಾಲು ಒಂದೆಡೆ ನಿಲ್ಲಲಿಲ್ಲ.

“ಗೇಟು ಅಂದ್ರ ಇದ ಇರಬೇಕು. ಚಕ್ಕುಲಿ ಇದು. ಟೊಪ್ಪಿಗಿ ಇದು.” ನುಜಹತ ಅಕ್ಕ # @ ^ ಒತ್ತಿದಳು.

ಪರದೆಯ ಮೇಲೆ ಕೆಂಪು ಅಕ್ಷರ ಬಂತು. ತಪ್ಪು.

“ಮನ್ಯಾಗ ಯಾರೂ ಇಲ್ಲೇನು? ಚೀಟಿ ನೋಡಿ ಹೇಳಲಿ.”

“ಅವ್ವ ಹೊಲಕ್ಕ ಹೋಗ್ಯಾಳರಿ. ಆಯಿ ಒಬ್ಬಾಕಿ ಅದಾಳ.” ಆಯಿ ಅಂದರೆ ಅಪ್ಪನ ಅವ್ವ, ಹುಚ್ಚವ್ವ. “ಆಕಿಗೆ ಓದಾಕ ಬರಂಗಿಲ್ಲ. ಆಕಿಗೇನ ತಿಳಿತೈತಿ?”

ಹಿಂದೆ ಕಾಯುತ್ತಿದ್ದ ಕರೀಮಸಾಬ ಬಗ್ಗಿ ನೋಡಿದ. “ರೈಲ್ವೆ ಗೇಟು ಒಂದ ಕಂಬ ಇರತೈತಲ್ಲ? ನಮ್ಮ ಹುಡುಗ ಈ ಉದ್ದ ಗೆರಿಗೇ ಗೇಟು ಅಂತಾನ.”

“ಅದ ಇರಬೇಕರಿ, ಅದನ್ನ ಒತ್ತರಿ,” ಅಂತ ಮಧು ಅವಸರ ಮಾಡಿದಳು.

| @ ^ ಒತ್ತಿದ್ದೂ ಆಯಿತು. ಮತ್ತೆ ಕೆಂಪು ಅಕ್ಷರ.

“ಇನ್ನ ಒಂದ ಸಲ ಉಳದೈತಿ. ಊಹಿ ಮ್ಯಾಲ ನಾ ಒತ್ತಂಗಿಲ್ಲವ್ವ.” ನುಜಹತ ಅಕ್ಕ ತನ್ನ ಫೋನನ್ನೇ ಮುಂದೆ ಹಿಡಿದಳು.

ನಾಲ್ಕೂವರೆ. ಮಧು ಮನೆಯ ನಂಬರ್ ಒತ್ತಿದಳು. ಆಯಿ ಚೀಟಿ ಹುಡುಕಿ ತರುವಷ್ಟರಲ್ಲಿ ಐದು ನಿಮಿಷ ಹೋಯಿತು.

“ಐದು ಅಕ್ಷರ ಬಿಟ್ಟು ಆರನೇದ್ದು ಏನೈತಿ ಹೇಳು. ಲಗೂನ ಹೇಳ ಆಯಿ!”

“ನನಗೇನ ಓದಾಕ ಬರತೈತೇನವ್ವ?” ಆಯಿಯ ದನಿ ಸಣ್ಣದಾಯಿತು. “ನಾ ಏನರ ತಪ್ಪ ಹೇಳಿದರ ನಿನ್ನ ಪರೀಕ್ಷಾ ಹಾಳಾದೀತು. ಬ್ಯಾಡ. ನಿಮ್ಮವ್ವ ಬರಲಿ.”

ಅವ್ವ ಬರುವುದು ಆರಕ್ಕೆ. ಮಧು ಗೋಡೆಯ ಗಡಿಯಾರ ನೋಡಿದಳು. ಅದಕ್ಕೆ ಬೆನ್ನು ಮಾಡಿ ನಿಂತಳು.

“ಓದಬ್ಯಾಡ ಆಯಿ. ಹೆಂಗ ಕಾಣತೈತಿ ಅಷ್ಟ ಹೇಳು. ನಾ ಕಾಯ್ತೇನಿ.”

ಆಯಿ ಉಗುರಿನಿಂದ ಒಂದೊಂದೇ ಎಣಿಸುತ್ತಿದ್ದಳು. “ಎರಡು ಕಡ್ಡಿ ನಿಂತಾವ. ಅವುಗಳ ಮ್ಯಾಲ ಎರಡು ಕಡ್ಡಿ ಅಡ್ಡ ಬಿದ್ದಾವ.”

“ಮೊದಲ ಒತ್ತಿದ್ದ ಖರೇ,” ಅಂದಳು ಪಕ್ಕದಲ್ಲೇ ಕೇಳುತ್ತಿದ್ದ ನುಜಹತ ಅಕ್ಕ.

“ಅದರ ಬಾಜೂದ್ದು?”

“ಕೌದಿ ಹೊಲಿಯೋ ಮುಂದ ದಾರಕ್ಕ ಗಂಟ ಹಾಕ್ತೇನಲ್ಲ, ಹಂಗೈತಿ. ಮ್ಯಾಲ ಸಣ್ಣ ಕುಣಿಕಿ, ಕೆಳಗ ದೊಡ್ಡದು. ಎರಡೂ ತುದಿ ಬಲಕ್ಕ ಬಿಟ್ಟಾರ.”

ಮಧು ಕೀಬೋರ್ಡಿನ ಮೇಲೆ ಬಗ್ಗಿದಳು. @ ಅಲ್ಲ. ಅದು ಗೋಲಾಗಿ ಸುತ್ತಿಕೊಂಡಿದೆ. ಏಳರ ಮೇಲೆ ಒಂದು ಗಂಟು ಕಂಡಿತು. ಎರಡು ಕುಣಿಕೆ, ಬಲಕ್ಕೆ ಎರಡು ತುದಿ.

“ಇದರಿ ಅಕ್ಕಾರ!”

“ಇದು ಚಕ್ಕುಲೀನ? ನಾವು ಇದಕ್ಕ ಆ್ಯಂಡ್ ಅಂತೀವಿ. ನಿಮ್ಮ ಸರ್ ಎಂಥಾ ಚಕ್ಕುಲಿ ತಿಂದಾರೋ ಏನೋ.”

“ಮೂರನೇದ್ದು ಮನಿ ಮ್ಯಾಲಿನ ಹಂಚಿನ ಮಾಡು,” ಅಂದಳು ಆಯಿ. “ಗ್ವಾಡಿ ಇಲ್ಲ. ಬರೇ ಮಾಡು.”

# & ^. ನುಜಹತ ಅಕ್ಕ ಇಸವಿ ಹೊಡೆದು ಎಂಟರ್ ಒತ್ತಿದಳು. ಮಧು ಕಣ್ಣು ಮುಚ್ಚಿಕೊಂಡಳು. ಕರೀಮಸಾಬ “ಬಂತು, ಬಂತು” ಅಂದ ಮೇಲೆಯೇ ತೆರೆದದ್ದು. ಪರದೆಯ ತುಂಬ ಅವಳದೇ ಫೋಟೊ. ಪ್ರಿಂಟರ್ ಗುರ್ ಅನ್ನತೊಡಗಿತು.

ಫೋನಿನಲ್ಲಿ ಆಯಿ ಇನ್ನೂ ಮುಗಿಸಿರಲಿಲ್ಲ. “ತಡಿಯವ್ವ, ಕೆಳಗ ಇನ್ನೂ ಒಂದೈತಿ. ಬಳ್ಳಿ ಹರದಂಗೈತಿ. ಸುರುವಿಗೆ ದೊಡ್ಡದು, ಮುಂದ ಸಣ್ಣಾಗತಾ ಹೋಗೇತಿ.”

ಅದು ಸರ್ ಸಹಿ. ಅದು ಯಾತಕ್ಕೂ ಬೇಕಿರಲಿಲ್ಲ. ನುಜಹತ ಅಕ್ಕ ಫೋನಿಗೆ ಕೈ ಚಾಚಿದಳು.

ಮಧು ಕೊಡಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, “ಹೂಂ ಆಯಿ,” ಅಂದಳು. “ಆಮ್ಯಾಲ?”